ಕನ್ನಡಿಗೆ ಟೇಪು

ಹೆಸರು ಕೊಟ್ಟದ್ದು ಖಲಂದರ್, ನನ್ನ ಕಂಡಕ್ಟರು.
ದುಡ್ಡು ಕಟ್ಟಿ ಮೂರನೇ ದಿನ ಅವನಿಗೆ ಡೆಂಗಿ.
'ಹಾಳಾಗುವುದು ಬೇಡ ಗಿಲ್ಬರ್ಟಣ್ಣ, ನೀವು ಹೋಗಿ,
ಬೈಕು ಶೆಡ್ಡಿನಲ್ಲಿ ಉಂಟು, ಕೀ ಉಮ್ಮನ ಹತ್ತಿರ.'

ಹಾಗೆ ಆದಿತ್ಯವಾರ, ಇಗರ್ಜಿಯ ಏಳು ಗಂಟೆಯ ಪೂಜೆ ತಪ್ಪಿಸಿ,
ಬೈಕಂಪಾಡಿಯ ಖಾಲಿ ಕಂಟೇನರ್ ಯಾರ್ಡಿನಲ್ಲಿ
ಯಾರದೋ ಚರ್ಮದ ಅಂಗಿಯೊಳಗೆ ಹೊಟ್ಟೆ ತುರುಕಿ ನಿಂತೆ.
ಎದೆಯ ಮೇಲೆ ಚೀಟಿ: ಖಲಂದರ್, ನಂಬ್ರ ಹನ್ನೊಂದು.
ಸುತ್ತಲೂ ಮೀಸೆ ಮೂಡದ ಹುಡುಗರು.
ಗಾಳಿಯಲ್ಲಿ ಗೊಬ್ಬರದ ವಾಸನೆ, ಹಿಂದೆ ಕಡಲು.

ಕಲಿಸುವವಳು ನಿಶ್ಮಿತಾ, ಕುಳಾಯಿಯ ಹುಡುಗಿ.
ನನ್ನ ಬಸ್ಸಿನಲ್ಲೇ ಕಾಲೇಜಿಗೆ ಹೋದವಳು,
ಗುರುತು ಸಿಕ್ಕಿದ್ದರೂ ತೋರಿಸಲಿಲ್ಲ.
ಬಂದವಳೇ ಎರಡೂ ಕನ್ನಡಿಗೆ ಕಪ್ಪು ಟೇಪು ಸುತ್ತಿದಳು,
ಹಾರ್ನಿನ ವಯರು ಕಿತ್ತಳು.
'ಹಿಂದೆ ಬರುವವನ ಚಿಂತೆ ಹಿಂದೆ ಬರುವವನಿಗೆ.
ಎದುರಿನಿಂದ ಇಲ್ಲಿ ಯಾರೂ ಬರುವುದಿಲ್ಲ.'

ಎದುರಿನಿಂದ ಯಾರೂ ಬರುವುದಿಲ್ಲ!
ಇಪ್ಪತ್ತೆರಡು ವರ್ಷ
ಸ್ಟೇಟ್ ಬ್ಯಾಂಕಿನಿಂದ ಉಡುಪಿಗೆ, ಉಡುಪಿಯಿಂದ ಸ್ಟೇಟ್ ಬ್ಯಾಂಕಿಗೆ,
ಒಂದು ದಿನವಾದರೂ ಯಾರಾದರೂ ಈ ಮಾತು ಹೇಳಿದ್ದರೆ!
ಎದುರಿನಿಂದ ಬಂದದ್ದರ ಪಟ್ಟಿ ನನ್ನಲ್ಲಿ ಉಂಟು:
ಟ್ಯಾಂಕರು, ದಿಬ್ಬಣದ ಜೀಪು, ಹಟ್ಟಿ ಬಿಟ್ಟ ದನ,
ಹೆಜಮಾಡಿಯಲ್ಲಿ ರಾಂಗ್ ಸೈಡಿನ ಸೈಕಲ್ಲು,
ಅದರ ಕ್ಯಾರಿಯರಿನಲ್ಲಿ ಸ್ಲೇಟು ಹಿಡಿದು ಕೂತ
— ಬೇಡ. ಬದುಕಿದ್ದಾನೆ. ಈಗ ಕುವೈಟಿನಲ್ಲಂತೆ.

ಮೊದಲ ಸುತ್ತು.
ಕೋನುಗಳ ನಡುವೆ ಸುಣ್ಣದ ಗೆರೆ.
ಕಣ್ಣು ತಾನಾಗಿ ಎಡ ಅಂಚಿಗೆ ಹೋಗುತ್ತದೆ,
ಕೈ ಎತ್ತಿದವರು ಇದ್ದಾರೋ ಎಂದು.
ಯಾರೂ ಇಲ್ಲ. ಹತ್ತುವವರಿಲ್ಲ, ಇಳಿಯುವವರಿಲ್ಲ,
ಚಿಲ್ಲರೆಗೆ ಜಗಳವಿಲ್ಲ.
ಹೆಬ್ಬೆರಳು ಹಾರ್ನು ಹುಡುಕುತ್ತದೆ. ಸತ್ತ ಗುಂಡಿ.
ಮೂರನೇ ತಿರುವಿಗೆ ಬ್ರೇಕು ಹಿಡಿದೆ, ಮೆಲ್ಲ, ಮೆಲ್ಲ.
'ಎಂತ ಅಂಕಲ್, ಹಿಂದೆ ಮೊಟ್ಟೆ ಉಂಟಾ?'
ನಕ್ಕು ದಾಟಿತು ಒಂದು ಹೆಲ್ಮೆಟ್ಟು.

ಮೊಟ್ಟೆ ಅಲ್ಲ ಮಗಾ.
ಹಿಂದೆ ಮೂವತ್ತು ಜನ ನಿಂತಿದ್ದಾರೆ.
ಬುಟ್ಟಿ ಹಿಡಿದ ಲಲಿತಕ್ಕ, ಅದರಲ್ಲಿ ಐಸು, ಬಂಗುಡೆ,
ಬಸುರಿ ಟೀಚರು, ಸರಳಿಗೆ ಕೈ ಎಟುಕದ ಮಕ್ಕಳು.
ಎಕ್ಸ್‌ಪ್ರೆಸ್ಸಿನವರು ಯಮನ ತಮ್ಮಂದಿರು ಅನ್ನುತ್ತದೆ ಊರು.
ಬ್ರೇಕಿನ ಮೇಲಿನ ಪಾದದ ಕಥೆ
ಊರಿಗೆ ಗೊತ್ತಿಲ್ಲ.

ನಿಶ್ಮಿತಾ ನಿಲ್ಲಿಸಿದಳು.
ಗ್ಲೌಸು ಬಿಚ್ಚಿ ಕಾದ ಟ್ಯಾಂಕಿನ ಮೇಲೆ ಕೈಯಿಟ್ಟಳು.
'ಇವತ್ತು ನಿಮ್ಮ ಹಿಂದೆ ಯಾರೂ ನಿಂತಿಲ್ಲ, ಗಿಲ್ಬರ್ಟಣ್ಣ.'
ಎದೆಯ ಚೀಟಿಯನ್ನು ಅವಳು ಓದಿಯೇ ಇರಲಿಲ್ಲ.

ಗಂಜಿ, ಉಪ್ಪಿನಕಾಯಿ. ಮತ್ತೆ ಬಿಸಿಲು.
ಏಳನೆಯದೋ ಎಂಟನೆಯದೋ ಸುತ್ತಿನಲ್ಲಿ
ಬೈಕು ವಾಲಿತು. ನಾನು ವಾಲಿಸಿದ್ದಲ್ಲ,
ತಿರುವು ಮುಗಿಯುವ ಕಡೆ ನೋಡಿದೆ, ಅಷ್ಟೆ.
ಕಡಲು ಓರೆಯಾಯಿತು. ಬಂದರಿನ ಕ್ರೇನುಗಳು ಓರೆಯಾದವು.
ನೆಲ ಮೊಣಕಾಲಿನ ಹತ್ತಿರ ಬಂದು
ಏನೂ ಕೇಳದೆ ಹೋಯಿತು.
ಬೆನ್ನು ಹಗುರ. ಎಷ್ಟು ಹಗುರವೆಂದರೆ
ಹೆದರಿಕೆಯಾಯಿತು.

ಅರ್ಧ ನಿಮಿಷಕ್ಕಾಗಿ ಟೈಂ ಕೀಪರಿನ ಕಾಲರು ಹಿಡಿದವನು ನಾನು,
ಇಲ್ಲಿಯ ಪಟ್ಟಿಯಲ್ಲಿ ಕೊನೆಯಿಂದ ಎರಡನೆಯವನು.
ಆ ಒಬ್ಬನನ್ನು ಹಿಂದೆ ಹಾಕಿದ್ದೂ ಕಡೆಯ ಸುತ್ತಿನಲ್ಲಿ,
ಸುರತ್ಕಲಿನ ಹುಡುಗ, ಹನ್ನೆರಡು ಅಡಿ ಜಾಗ ಬಿಟ್ಟು.
ದಾಟುವಾಗ ಅಭ್ಯಾಸ ಬಿಡಲಿಲ್ಲ,
ಹೆಲ್ಮೆಟ್ಟಿನೊಳಗೆ ಬಾಯಿಂದಲೇ ಊದಿದೆ: ಪೋಂ!
ನನ್ನದೇ ಕಿವಿ ಬೆಚ್ಚಿತು.

ರಾತ್ರಿ ಆಸ್ಪತ್ರೆಯಿಂದ ಫೋನು.
ಪ್ಲೇಟ್ಲೆಟ್ಟು ಏರುತ್ತಾ ಉಂಟಂತೆ.
'ಎಷ್ಟನೆಯವ ಗಿಲ್ಬರ್ಟಣ್ಣ?'
'ಹೆಸರು ನಿನ್ನದಲ್ವಾ,' ಎಂದೆ, 'ನೀನು ಎರಡನೆಯವ, ಮಾರಾಯ.'
ಯಾವ ಕಡೆಯಿಂದ ಎಂದು ಅವನು ಕೇಳಲಿಲ್ಲ.
ಪಕ್ಕದ ಬೆಡ್ಡಿನವರಿಗೆ ಹೇಳತೊಡಗಿದ್ದ.